ರೂಟರ್‌ನಲ್ಲಿ 445 ತೆರೆದರೆ ಕ್ಲೌಡ್ ಫೋಲ್ಡರ್ ಸಿಕ್ಕೀತೇ?

ಪ್ರಶ್ನೆ: ಶಿರಸಿಯಲ್ಲಿ ನಮ್ಮದು ಅಡಿಕೆ ವಖಾರಿ, ಕುಮಟಾದಲ್ಲೊಂದು ಶಾಖೆ. ಬಿಲ್ಲು, ಕಾಗದಪತ್ರ, ಟ್ಯಾಲಿ ಡೇಟಾ ಎಲ್ಲವನ್ನೂ ಮೈಕ್ರೋಸಾಫ್ಟ್ ಅಜೂರ್‌ನ ಫೈಲ್ ಶೇರ್‌ಗೆ ಹಾಕಿಸಿದ್ದೇವೆ. ಬೆಂಗಳೂರಿನಲ್ಲಿ ಮಗನ ಆಫೀಸಿನಿಂದ ತೆರೆಯುತ್ತದೆ, ಇಲ್ಲಿ ಬರೀ ಎರರ್. ರೂಟರ್‌ನಲ್ಲಿ 445 ಪೋರ್ಟ್ ತೆರೆದು ಫೈರ್‌ವಾಲ್ ಆಫ್ ಮಾಡಿ ಎನ್ನುತ್ತಾರೆ ರಿಪೇರಿಯವರು. ಮಾಡಿಸಬಹುದೇ?

ಉತ್ತರ: ಖಂಡಿತ ಬೇಡ. ಪೋರ್ಟ್ ಎಂದರೆ ಜಾಲ ಸಂಪರ್ಕದ ನಂಬರ್ ಹಾಕಿದ ಬಾಗಿಲು. ರೂಟರ್‌ನಲ್ಲಿ ಅದನ್ನು ತೆರೆದರೆ ಹೊರಗಿನವರು ನಿಮ್ಮ ಕಂಪ್ಯೂಟರಿಗೆ ಬರಲು ದಾರಿಯಾಗುತ್ತದೆ. ನಿಮಗೆ ಬೇಕಿರುವುದು ನೀವು 445ರ ಮೂಲಕ ಹೊರಗೆ, ಅಜೂರ್ ಶೇರ್‌ಗೆ ಹೋಗುವ ದಾರಿ. 2017ರ ಮೇ ತಿಂಗಳಲ್ಲಿ ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ವಾನ್ನಾಕ್ರೈ ವೈರಸ್ ದೇಶದೇಶಕ್ಕೆ ಹಬ್ಬಿದ್ದು ಇದೇ 445ರ ಮೂಲಕ, ವಿಂಡೋಸ್‌ನ ಫೈಲ್ ಹಂಚಿಕೆಯ ಹಳೆಯ ಪದ್ಧತಿಯಾದ ಎಸ್‌ಎಂಬಿ 1ರಲ್ಲಿದ್ದ ದೋಷವನ್ನು ಹಿಡಿದು. ಇಂಥ ಕಾಟಕ್ಕೆ ಹೆದರಿಯೇ ಹಲವು ಇಂಟರ್ನೆಟ್ ಕಂಪನಿಗಳು ಆ ಪೋರ್ಟನ್ನು ತಮ್ಮ ಕಡೆಯಿಂದಲೇ ಮುಚ್ಚಿಟ್ಟಿರುತ್ತವೆ. ನಿಮ್ಮಲ್ಲಿ ಆಗಿರುವುದೂ ಬಹುಶಃ ಅದೇ. ವಿಂಡೋಸ್‌ನಲ್ಲಿ ಆಜ್ಞೆ ಟೈಪ್ ಮಾಡುವ ಪವರ್‌ಶೆಲ್‌ ತೆರೆದು ಟೆಸ್ಟ್-ನೆಟ್‌ಕನೆಕ್ಷನ್ (Test-NetConnection) ಆಜ್ಞೆಗೆ ನಿಮ್ಮ ಶೇರ್‌ನ ವಿಳಾಸ, ಪೋರ್ಟ್ 445 ಕೊಟ್ಟು ನೋಡಿ. ಬೇರೆ ಕಂಪನಿಯ ಮೊಬೈಲ್ ಹಾಟ್‌ಸ್ಪಾಟ್‌ನಿಂದಲೂ ಒಮ್ಮೆ ನೋಡಿ. ಹಾಟ್‌ಸ್ಪಾಟ್‌ನಲ್ಲಿ 'ಟ್ರೂ' (ದಾರಿ ತೆರೆದಿದೆ), ನಿಮ್ಮ ಲೈನಿನಲ್ಲಿ 'ಫಾಲ್ಸ್' (ಮುಚ್ಚಿದೆ) ಬಂದರೆ ಕಂಪ್ಯೂಟರಿನ ಫೈರ್‌ವಾಲ್‌ನದು ಬಹುಶಃ ತಪ್ಪಿಲ್ಲ.

ಸರಿಯಾದ ದಾರಿ ವಿಪಿಎನ್, ಅಂದರೆ ಇಂಟರ್ನೆಟ್ ಒಳಗೇ ಹಾಕಿಕೊಳ್ಳುವ ಗೂಢಲಿಪಿಯ ಸುರಂಗ. ಅಜೂರ್‌ನಲ್ಲಿ ವಿಪಿಎನ್ ಗೇಟ್‌ವೇ (ಆ ಸುರಂಗದ ಅಜೂರ್ ಕಡೆಯ ಬಾಗಿಲು) ಹಾಕಿಸಿ, ಶೇರ್‌ಗೆ ಪ್ರೈವೇಟ್ ಎಂಡ್‌ಪಾಯಿಂಟ್ (ಒಳಜಾಲದ ಖಾಸಗಿ ವಿಳಾಸ) ಕೊಡಿಸಿ. ಓಪನ್‌ವಿಪಿಎನ್ ಬಗೆಯದಾದರೆ ಅದು 443ರಲ್ಲೇ ಹೋಗುತ್ತದೆ, ಆ ಪೋರ್ಟನ್ನು ಸಾಮಾನ್ಯವಾಗಿ ಯಾರೂ ತಡೆಯುವುದಿಲ್ಲ. ಹೆಚ್ಚಿನವರು ಎಡವುವುದು ಡಿಎನ್‌ಎಸ್‌ನಲ್ಲಿ, ಅಂದರೆ ಹೆಸರನ್ನು ಐಪಿ ಎಂಬ ಅಂಕಿಯ ವಿಳಾಸಕ್ಕೆ ಬದಲಿಸುವ ವ್ಯವಸ್ಥೆಯಲ್ಲಿ. ವಿಪಿಎನ್ ಸಂಪರ್ಕ ಸಿಕ್ಕಿದ್ದರೂ ಶೇರ್‌ನ ಹೆಸರು ಇನ್ನೂ ಸಾರ್ವಜನಿಕ ಐಪಿಯನ್ನೇ ತೋರಿಸುತ್ತಿದ್ದರೆ ಕಂಪ್ಯೂಟರು ಹಳೇ ಮುಚ್ಚಿದ ದಾರಿಯನ್ನೇ ಹಿಡಿಯುತ್ತದೆ. ಎನ್‌ಎಸ್‌ಲುಕಪ್ (nslookup) ಆಜ್ಞೆಗೆ ಶೇರ್‌ನ ಹೆಸರು ಕೊಟ್ಟಾಗ ಒಳಜಾಲದ ಐಪಿ ಬರಬೇಕು. ಅದು ಬಂದ ಮೇಲೆ ಸ್ಟೋರೇಜ್ ಖಾತೆಯ ಪಬ್ಲಿಕ್ ಪ್ರವೇಶವನ್ನು ಬಂದ್ ಮಾಡಿಸಿ. ಬೆಂಗಳೂರಿನ ಮಗನೂ ಆಮೇಲೆ ವಿಪಿಎನ್‌ನಲ್ಲೇ ಬರಬೇಕಾಗುತ್ತದೆ, ಬರಲಿ.

ಶೇರನ್ನು ಕಂಪ್ಯೂಟರಿಗೆ ಡ್ರೈವ್ ಆಗಿ ಜೋಡಿಸಲು ಸ್ಟೋರೇಜ್ ಕೀ (ಖಾತೆಯ ಮುಖ್ಯ ಪಾಸ್‌ವರ್ಡ್‌ನಂಥದ್ದು) ಬಳಸಿದ್ದೀರಾ? ಆ ಕೀ ಇದ್ದವರಿಗೆ ಇಡೀ ಖಾತೆಯೇ ಕೈಗೆ ಸಿಗುತ್ತದೆ. ಅದನ್ನು ವಾಟ್ಸಾಪ್‌ನಲ್ಲಿ ಕಳಿಸಿದ್ದರೆ ಇವತ್ತೇ ಬದಲಿಸಿ. ಆಮೇಲೆ ಒಬ್ಬೊಬ್ಬರಿಗೂ ಬೇರೆ ಬೇರೆ ಲಾಗಿನ್ ಕೊಡಿ.

ಖರ್ಚಿನ ಮಾತು: ಗೇಟ್‌ವೇಗೆ ಗಂಟೆ ಲೆಕ್ಕದಲ್ಲಿ ಬಿಲ್ ಬರುತ್ತದೆ, ಬಳಸಿದರೂ ಬಳಸದಿದ್ದರೂ. ನಾಲ್ಕೈದು ಜನರ ವಖಾರಿಗೆ ಅದು ಭಾರವೇ. ಬರೀ ಬಿಲ್ಲು, ಕಾಗದಪತ್ರಗಳಾದರೆ ಮೈಕ್ರೋಸಾಫ್ಟ್‌ನದೇ ಒನ್‌ಡ್ರೈವ್ ಅಥವಾ ಶೇರ್‌ಪಾಯಿಂಟ್ ಸಾಕು ಎನ್ನುವುದು ನನ್ನ ಅಭಿಪ್ರಾಯ. ಶಿರಸಿ-ಕುಮಟಾ ನಡುವಿನ ದೇವಿಮನೆ ಘಾಟಿಯಲ್ಲಿ ಮರ ಬಿದ್ದು ಕೇಬಲ್ ಹರಿದ ದಿನವೂ ಕಂಪ್ಯೂಟರಿಗೆ ಇಳಿಸಿಟ್ಟ ಪ್ರತಿ ತೆರೆಯುತ್ತದೆ. ಮಳೆಗಾಲದಲ್ಲಿ ನಮ್ಮ ಕಡೆ ಅದೇನು ಸಣ್ಣ ಅನುಕೂಲವಲ್ಲ.

ಟ್ಯಾಲಿಯನ್ನು ಮಾತ್ರ ಇಂಟರ್ನೆಟ್ ಮೇಲಿನ ಶೇರ್‌ನಿಂದ ನೇರವಾಗಿ ನಡೆಸಬೇಡಿ. ನಿಧಾನವಾಗುವುದು ಒಂದು ಕಡೆ, ನಮೂದಿಸುತ್ತಿರುವಾಗ ನೆಟ್ ಹೋದರೆ ಡೇಟಾವೇ ಕೆಡಬಹುದು. ಅದು ಶಿರಸಿಯ ಕಂಪ್ಯೂಟರಿನಲ್ಲೇ ಇರಲಿ. ಕ್ಲೌಡಿಗೆ ಹೋಗಬೇಕಾದದ್ದು ದಿನವೂ ಸಂಜೆ ಟ್ಯಾಲಿ ಮುಚ್ಚಿದ ಮೇಲೆ ತೆಗೆದ ಬ್ಯಾಕಪ್.