ತಂತಿ ಹೇಳಿದ ಸುಳ್ಳು

ತೀರ್ಥಹಳ್ಳಿಯ ಓದುಗರೇ,

ನಿಮ್ಮ ಕಾಗದವನ್ನು ಎರಡು ಸಲ ಓದಿದೆ. ಅಜ್ಜ ತೀರಿಹೋಗಿದ್ದರೂ ತಂತಿಯಲ್ಲಿ, ಅಂದರೆ ಟೆಲಿಗ್ರಾಮಿನಲ್ಲಿ, 'ಫಾದರ್ ಸೀರಿಯಸ್, ಸ್ಟಾರ್ಟ್ ಇಮ್ಮಿಡಿಯೆಟ್ಲಿ' ಎಂದಿತ್ತು, ಅಮ್ಮ ರಾತ್ರಿಯಿಡೀ ಬಸ್ಸಿನಲ್ಲಿ ಹರಕೆ ಹೊರುತ್ತಾ ತವರಿಗೆ ಹೋದರು, ಇಂಥ ಸುಳ್ಳು ಹೇಳುವ ತಂತಿ ನಿಂತಿದ್ದೇ ಒಳ್ಳೆಯದು ಎಂದಿದ್ದೀರಿ. ಫೋನ್ ಬಂದು ಅನುಕೂಲ ಆಗಿದೆ, ಒಪ್ಪಿದೆ.

ಆದರೆ ಆ ಸುಳ್ಳನ್ನು ಬೈಯಬೇಡಿ. ನಿಮ್ಮ ಮಾವ ಅದನ್ನು ತಂಗಿಯ ಮೇಲಿನ ಅಕ್ಕರೆಯಿಂದಲೇ ಬರೆಸಿರಬೇಕು. 'ಸೀರಿಯಸ್' ಅಂದರೆ ಏನೆಂದು ಆ ಕಾಲದಲ್ಲಿ ಎಲ್ಲರಿಗೂ ಅರ್ಧ ಗೊತ್ತಿತ್ತು. ಉಳಿದರ್ಧ ದಾರಿಯಲ್ಲಿ ಮೆಲ್ಲಗೆ ಗೊತ್ತಾಗುತ್ತಿತ್ತು. ಒಂಟಿ ಹೆಂಗಸು ಬಸ್ಸಿನಲ್ಲಿ ಕೂತು ಊರು ಮುಟ್ಟಲು ಅಷ್ಟು ಆಸೆಯಾದರೂ ಬೇಕು, ಅಲ್ವಾ?

ನಮ್ಮೂರಲ್ಲಿ ಇಂಗ್ಲಿಷ್ ಬಲ್ಲವರು ಮೇಷ್ಟ್ರು ಒಬ್ಬರೇ. ಅಂಚೆಯಣ್ಣ ತಂತಿಯನ್ನು ಮೊದಲು ಅವರಿಗೆ ತೋರಿಸಿ, ಅವರನ್ನೂ ಕರೆದುಕೊಂಡೇ ಬರುತ್ತಿದ್ದ. ಅಜ್ಜಿಯ ತಮ್ಮ ಮುಂಬಯಿಯಲ್ಲಿ ತೀರಿಕೊಂಡ ದಿನ ಮೇಷ್ಟ್ರು ಜಗಲಿಯಲ್ಲಿ ಕೂತು, "ಊಟ ಆಯ್ತಾ ಅಮ್ಮಾ?" ಅಂದರು. ಆಗಿರಲಿಲ್ಲ. ಅಜ್ಜಿ ಉಂಡು ಕೈ ತೊಳೆದ ಮೇಲೇ ಮೇಷ್ಟ್ರು ತಂತಿಯ ಕಾಗದ ಬಿಚ್ಚಿದರು.

ಒಳ್ಳೆಯ ಸುದ್ದಿಯೂ ಬರುತ್ತಿತ್ತು. ಚಿಕ್ಕಮ್ಮನಿಗೆ ಗಂಡು ಮಗು ಹುಟ್ಟಿದ ತಂತಿ ಬಂದಾಗ, ಓದುವ ಮೊದಲೇ ಮನೆಯ ಹೆಂಗಸರೆಲ್ಲ ಅಳಲು ಶುರು ಮಾಡಿದ್ದರು! ಆಮೇಲೆ ಅಳುತ್ತಲೇ ಬೆಲ್ಲ ಹಂಚಿದರು. ಮದುವೆ, ಹಬ್ಬದ ಶುಭಾಶಯಕ್ಕೆ ತಂತಿ ಕಚೇರಿಯಲ್ಲಿ ಒಂದು ಪಟ್ಟಿಯೇ ಇರುತ್ತಿತ್ತು. ನಂಬರ್ ಬರೆದುಕೊಟ್ಟರೆ ಸಾಕು, ಆ ಕಡೆ ಪೂರ್ತಿ ವಾಕ್ಯ ತಲುಪುತ್ತಿತ್ತು. ಕಲ್ಕತ್ತಾದಲ್ಲಿ 1850ರಲ್ಲಿ ಶುರುವಾದ ತಂತಿ 2013ರ ಜುಲೈ 14ರ ರಾತ್ರಿ ನಿಂತಾಗ, ಮನೆಗೆ ನಡೆದು ಬರುವ ಆ ಮನುಷ್ಯನೂ ನಿಂತುಹೋದ. ನನಗೆ ಬೇಜಾರು ಅದೇ.

ಈಗ ನೋಡಿ. ನಮ್ಮ ನೆಂಟರೊಬ್ಬರು ಬ್ಯಾಂಕಿನ ಸಾಲಿನಲ್ಲಿ ನಿಂತಿದ್ದಾಗ ವಾಟ್ಸಾಪ್‌ನಲ್ಲಿ ಸ್ವಂತ ಅಕ್ಕನ ಫೋಟೋ ಕಂಡರು. ಹಾರ ಹಾಕಿತ್ತು. ಕೆಳಗೆ ಸಾಲುಸಾಲು ಕೈಮುಗಿದ ಚಿತ್ರ. ಯಾರೂ ಫೋನ್ ಮಾಡಿರಲಿಲ್ಲ. ಕೇಳಿದರೆ, "ಗ್ರೂಪಿಗೆ ಹಾಕಿದ್ವಲ್ಲ" ಅಂದರಂತೆ. ಮದುವೆಯ ಕರೆಯೂ ಹಾಗೇ ಆಗಿದೆ. ಬಾಗಿಲಿಗೆ ಬಂದು ಕುಂಕುಮ ಕೊಟ್ಟು ಕರೆಯುವವರು ಎಷ್ಟು ಜನ ಉಳಿದಿದ್ದಾರೆ?

ನಿಮ್ಮ ಕಾಗದ ಚೆನ್ನಾಗಿದೆ. ಆದರೆ ಮುಖ್ಯವಾದದ್ದನ್ನೇ ಬಿಟ್ಟಿದ್ದೀರಿ. ಅಮ್ಮ ಆ ರಾತ್ರಿ ಯಾವ ದೇವರಿಗೆ ಹರಕೆ ಹೊತ್ತರು? ಆಮೇಲೆ ಅದನ್ನು ತೀರಿಸಿದರಾ? ಅವರು ಇದ್ದರೆ ಕೇಳಿ ಬರೆಯಿರಿ.

— ಸಂ.