ಬಾಳೆ ಬುಡ ಕೊಳೆತು ಮುರಿದರೆ ಬಾವಿಸ್ಟಿನ್ ಸುರಿಯಬೇಡಿ

ಅಣ್ಣ, ನಮ್ಮ ರೈತರ ಗುಂಪಿನಲ್ಲಿ ನೀವು ಹಾಕಿದ ಫೋಟೊ ನೋಡಿ ಮನಸ್ಸು ಚುರ್ ಅಂತು. ಎರಡೂವರೆ ತಿಂಗಳ ಜಿ-9 ತಳಿಯ ಬಾಳೆ ಬುಡಕ್ಕೇ ಮುರಿದು ಬಿದ್ದಿದೆ. ಎರಡು ಸಲ ಬಾವಿಸ್ಟಿನ್ ಡ್ರೆಂಚಿಂಗ್ (ಔಷಧಿ ನೀರು ಬುಡಕ್ಕೆ ಸುರಿಯುವುದು) ಆಗಿದೆ, ಈಗ ಡೋಸ್ ಜಾಸ್ತಿ ಮಾಡಲಾ ಅಂತ ಕೇಳಿದ್ದೀರಿ. ಮಾಡಬೇಡಿ. ನಾನು ಇದೇ ತಪ್ಪು ಮೂರು ಸಲ ಮಾಡಿ 140 ಗಿಡ ಕಿತ್ತು ಹಾಕಿದ್ದೇನೆ.

ಗೆಡ್ಡೆ ಮಣ್ಣಲ್ಲೇ ಉಳಿದು ದಿಂಡು ಮಾತ್ರ ಕೈಗೆ ಬಂದಿದೆ, ಅಲ್ವಾ? ಮೂಗಿಗೆ ಹಿಡಿದರೆ ಹಳಸಿದ ನಾತ. ಇದು ಪನಾಮಾ ಸೊರಗು ರೋಗ ಅಲ್ಲ. ಪನಾಮಾ ಆದರೆ ಹಳೆ ಎಲೆ ಹಳದಿಯಾಗಿ ಜೋತು ಬೀಳುತ್ತದೆ, ದಿಂಡು ಸೀಳಿದರೆ ಕೆಂಪು-ಕಂದು ಗೆರೆ ಕಾಣುತ್ತದೆ. ಅದು ಹೆಚ್ಚಾಗಿ ರಸಬಾಳೆಯವರ ತಲೆನೋವು. ನಿಮ್ಮದು ಎರ್ವೀನಿಯಾ ಅನ್ನೋ ಬ್ಯಾಕ್ಟೀರಿಯಾದ ಕೊಳೆ. ಈಗಿನ ಹೆಸರು ಪೆಕ್ಟೋಬ್ಯಾಕ್ಟೀರಿಯಂ, ಹೆಸರಲ್ಲೇ ಅದರ ಊಟ ಇದೆ. ಗಿಡದ ಒಂದೊಂದು ಕೋಶವನ್ನೂ ಪಕ್ಕದ್ದಕ್ಕೆ ಅಂಟಿಸಿರುವ ಗಾರೆ ಪೆಕ್ಟಿನ್. ಈ ಬ್ಯಾಕ್ಟೀರಿಯಾ ಕಿಣ್ವ ಬಿಟ್ಟು ಆ ಗಾರೆ ಕರಗಿಸಿ, ಬಂದ ಸಕ್ಕರೆ ತುಂಡು ಹೀರುತ್ತದೆ. ತುಂಡು ಒಳಗೆ ಹೋದಷ್ಟೂ ಕಿಣ್ವ ಇನ್ನೂ ಜಾಸ್ತಿ ಬರುತ್ತದೆ. ಸಂಖ್ಯೆ ಕಡಿಮೆ ಇದ್ದಾಗ ಸುಮ್ನೆ ಇರುತ್ತದೆ, ಗುಂಪು ಕೂಡಿದ ಮೇಲೆ ಒಟ್ಟಿಗೆ ಶುರು. ಅದಕ್ಕೇ ನಿನ್ನೆ ನೆಟ್ಟಗಿದ್ದ ಗಿಡ ಇವತ್ತು ಮಲಗುತ್ತದೆ. ಬಾವಿಸ್ಟಿನ್ ಕೆಟ್ಟ ಔಷಧಿ ಅಲ್ಲ, ಆದರೆ ಅದು ಶಿಲೀಂಧ್ರಕ್ಕೆ. ಇದಕ್ಕೆ ಅದು ಬರೀ ನೀರು.

ನಂಬಿಕೆ ಬರದಿದ್ದರೆ ಆಲೂಗಡ್ಡೆ ಪರೀಕ್ಷೆ ಮಾಡಿ. ಗಟ್ಟಿ ಆಲೂಗಡ್ಡೆ ತೊಳೆದು, ಸ್ಪಿರಿಟ್‌ನಲ್ಲಿ ಒರೆಸಿದ ಚಾಕುವಿನಲ್ಲಿ ಬೆರಳು ದಪ್ಪದ ಬಿಲ್ಲೆ ಎರಡು ಕೊಯ್ಯಿರಿ. ಒಂದರ ನಡುವೆ ಸಣ್ಣ ಗುಳಿ ಮಾಡಿ ಕೊಳೆತ ಗೆಡ್ಡೆಯ ಕಾಳಷ್ಟು ತುಣುಕು ಇಡಿ. ಇನ್ನೊಂದಕ್ಕೆ ಗುಳಿ ಮಾತ್ರ, ಏನೂ ಇಡಬೇಡಿ. ಬೇರೆ ಬೇರೆ ಕವರಿನಲ್ಲಿ ಒದ್ದೆ ಟಿಶ್ಯೂ ಜೊತೆ ಹಾಕಿ ಕಟ್ಟಿ. ಫ್ರಿಜ್ ಬೇಡ. ನನ್ನದು ಮಾರನೇ ದಿನ ಸಂಜೆಗೇ ಗುಳಿಯ ಸುತ್ತ ಗಂಜಿಯಾಗಿತ್ತು, ಕಡ್ಡಿ ಚುಚ್ಚಿದರೆ ಬೆಣ್ಣೆಯಂತೆ ಇಳಿಯಿತು. ಪಕ್ಕದ ಬಿಲ್ಲೆ ಗಟ್ಟಿಗೇ ಇತ್ತು. ಅಡುಗೆಮನೆ ಕಟ್ಟೆ ಮೇಲೆ ಇಟ್ಟಿದ್ದಕ್ಕೆ ಮನೆಯವರಿಂದ ಬೈಸಿಕೊಂಡೆ, ನೀವು ದನದ ಕೊಟ್ಟಿಗೆಯಲ್ಲಿಡಿ. ಎರಡೂ ಬಿಲ್ಲೆ ಕೊಳೆತರೆ ಪರೀಕ್ಷೆ ಲೆಕ್ಕಕ್ಕಿಲ್ಲ, ಚಾಕುವೇ ಕೊಳಕು. ಅಂಗಡಿಯವನು ನಾಲ್ಕನೇ ಸಲ ಬಾವಿಸ್ಟಿನ್ ಬರೆದುಕೊಟ್ಟ ಚೀಟಿ ಹರಿದುಹಾಕಿದ್ದು ಆ ಸಂಜೆ.

ಬಿದ್ದ ಗಿಡವನ್ನು ಗೆಡ್ಡೆ ಸಮೇತ ತೆಗೆದು ತೋಟದ ಹೊರಗೆ ಹಾಕಿ. ಬದುವಿನ ಮೇಲಲ್ಲ! ಸುತ್ತಲ ಗಿಡಗಳಿಗೆ ಬ್ಲೀಚಿಂಗ್ ಪೌಡರ್ ಲೀಟರಿಗೆ 6 ಗ್ರಾಂ, ಬುಡ ನೆನೆಯುವಂತೆ, 10-15 ದಿನಕ್ಕೊಮ್ಮೆ. ಒಡೆದಿಟ್ಟ ಹಳೆ ಪ್ಯಾಕೆಟ್ ಬೇಡ, ಕ್ಲೋರಿನ್ ಹಾರಿಹೋಗಿರುತ್ತದೆ. ಯೂರಿಯಾ ಜೊತೆ ಯಾವ ಕಾರಣಕ್ಕೂ ಕಲಸಬೇಡಿ, ವಿಷಗಾಳಿ ಏಳುತ್ತದೆ. ಟ್ರೈಕೋಡರ್ಮಾ (ಮಣ್ಣಿಗೆ ಕೊಡುವ ಒಳ್ಳೆ ಶಿಲೀಂಧ್ರ) ಕೊಟ್ಟಿದ್ದರೆ ಬ್ಲೀಚಿಂಗ್‌ಗೆ ಅದೂ ಸಾಯುತ್ತದೆ, ಕೊನೆ ಡ್ರೆಂಚಿಂಗ್ ಆಗಿ ಎರಡು ವಾರ ಬಿಟ್ಟು ಮತ್ತೆ ಕೊಡಿ. ಬ್ಲೀಚಿಂಗ್ ಒಗ್ಗದವರು ಸಿಒಸಿ (ತಾಮ್ರದ ಔಷಧಿ, ಕಾಪರ್ ಆಕ್ಸಿಕ್ಲೋರೈಡ್) ಲೀಟರಿಗೆ 3 ಗ್ರಾಂ ಹಾಕುತ್ತಾರೆ. ಬ್ಲೈಟಾಕ್ಸ್ ಬ್ರಾಂಡೇ ಬೇಕು ಅಂತ ಹಟ ಬೇಡ, ಶೇ. 50ರ ಸಿಒಸಿ ಆದರೆ ಯಾವುದಾದರೂ ಒಂದೇ.

ಆದರೆ ನೀರು ನಿಂತರೆ ಇದೆಲ್ಲ ದಂಡ. ನಿಮ್ಮ ಫೋಟೊದಲ್ಲಿ ಡ್ರಿಪ್ಪರ್ ದಿಂಡಿಗೇ ಅಂಟಿಕೊಂಡಿದೆ, ಒಂದಡಿ ದೂರ ಸರಿಸಿ. ಬಸಿಗಾಲುವೆ ತೆಗೆಯಿರಿ. ಯೂರಿಯಾ ಬುಡಕ್ಕೆ ಎರಚುವುದು ನಿಲ್ಲಿಸಿ. ಯೂರಿಯಾದಿಂದ ಸುಟ್ಟ ಬೇರೇ ಬ್ಯಾಕ್ಟೀರಿಯಾಕ್ಕೆ ಬಾಗಿಲು. ಮುಂದಿನ ಸಲ ಬೇಸಿಗೆಯಲ್ಲೇ ನೆಡುವುದಾದರೆ ಸಾಲಿನ ನಡುವೆ ಅಪ್ಸೆಣಬು (ಹಸಿರೆಲೆ ಗೊಬ್ಬರದ ಬೆಳೆ) ಬಿತ್ತಿ, ಮಣ್ಣು ತಂಪಿರುತ್ತದೆ.

ಇನ್ನೊಂದು ಮಾತು. ಪೆಕ್ಟಿನ್ ನಂಬಿ ಬದುಕುವ ಬ್ಯಾಕ್ಟೀರಿಯಾ ಎಲ್ಲ ಕಳ್ಳರಲ್ಲ. ಎಳೆ ಎಲೆ ಬೆಳೆಯುವಾಗ ಅದರ ಪೆಕ್ಟಿನ್‌ನಿಂದ ಮೆಥನಾಲ್ ಹೊರಬರುತ್ತದೆ. ಅದನ್ನು ತಿಂದು ಎಲೆ ಮೇಲೆ ಬದುಕುವ ಗುಲಾಬಿ ಬಣ್ಣದ ಬ್ಯಾಕ್ಟೀರಿಯಾ ಇದೆ, ಪಿಪಿಎಫ್‌ಎಂ ಅಂತಾರೆ. ಕೊಯಮತ್ತೂರಿನ ಕೃಷಿ ವಿಶ್ವವಿದ್ಯಾಲಯ ಬರ ತಡೆಯಲು ಹೇಳುವುದು ಇದನ್ನೇ. ನಮ್ಮ ಗುಂಪಿನಲ್ಲೇ ಒಬ್ಬರು ಅದನ್ನು ಸಿಒಸಿ ಜೊತೆ ಒಂದೇ ಟ್ಯಾಂಕಿಗೆ ಹಾಕಿ ಹೊಡೆದೆ ಅಂದರು. ದುಡ್ಡು ಕೊಟ್ಟು ತಂದ ಜೀವವನ್ನು ಟ್ಯಾಂಕಿನಲ್ಲೇ ಕೊಂದ ಹಾಗಾಯಿತು.

ಬಿಲ್ಲೆಗಳ ಫೋಟೊ ನಾಡಿದ್ದು ಹಾಕಿ. ಬುಡದ ಕಂದು (ಮರಿ ಗಿಡ) ಕೊಯ್ಯುವ ಕುಡುಗೋಲನ್ನೂ ಗಿಡದಿಂದ ಗಿಡಕ್ಕೆ ಹೋಗುವಾಗ ಬ್ಲೀಚಿಂಗ್ ನೀರಿಗೆ ಅದ್ದಿ. ನನ್ನ ತೋಟದಲ್ಲಿ ಒಂದೇ ಸಾಲು ಉದ್ದಕ್ಕೂ ಹೋಗಿದ್ದು ಅದರಿಂದಲೇ.