ಟವೆಲ್ ಹಾಕಿದ ಗಣಿ ಯಾರದ್ದು?

ಈ ತಿಂಗಳು ಬಂದ ಪ್ರಶ್ನೆಗಳಲ್ಲಿ ಮುಕ್ಕಾಲು ಪಾಲು ಒಂದೇ ವಿಷಯ: ಆನ್‌ಲೈನ್ ಆರ್‌ಪಿಜಿಗಳಲ್ಲಿ (ನಾವೇ ಒಂದು ಪಾತ್ರ ಆಗಿ ಆಡೋ ಗೇಮುಗಳು) ಮರ ಕಡಿಯೋದು, ಅದಿರು ಅಗೆಯೋದು, ಸೊಪ್ಪು ಕೀಳೋದು, ಅದನ್ನ ಮಾರಿ ದುಡ್ಡು ಮಾಡೋದು. ಡ್ರ್ಯಾಗನ್ ಹೊಡೆಯೋ ವೀರರು ಯಾರೂ ಪತ್ರ ಬರೆಯಲ್ಲ, ಸೊಪ್ಪು ಕೀಳೋರಿಗೇ ಜಗಳ ಜಾಸ್ತಿ ಅನ್ಸುತ್ತೆ. ನಾನೂ ಸೊಪ್ಪಿನ ಪಾರ್ಟಿನೇ, ಅದಕ್ಕೆ ಈ ಸಲ ಸ್ವಲ್ಪ ಉದ್ದ ಆಗಿದೆ, ಸಹಿಸ್ಕೊಳ್ಳಿ.

ಸಾರ್, ನಾನು ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಕ್ಲಾಸಿಕ್ (ಆ ಗೇಮಿನ ಹಳೇ ಕಾಲದ ರೂಪ) ಆಡ್ತೀನಿ. ಮೊನ್ನೆ ಥೋರಿಯಂ ಅನ್ನೋ ಅದಿರಿನ ಗಣಿ ಪಕ್ಕ ನಿಂತಿದ್ದ ಮಾಬ್ (ಗೇಮೇ ನಡೆಸೋ ಶತ್ರು) ಜೊತೆ ಹೊಡೆದಾಡ್ತಿದ್ದೆ, ಅರ್ಧ ಹೆಲ್ತ್ ಹೋಗಿತ್ತು, ಅಷ್ಟರಲ್ಲಿ ಇನ್ನೊಬ್ಬ ಬಂದು ಆರಾಮಾಗಿ ಅಗೆದುಕೊಂಡು ಹೋದ. ಚಾಟಲ್ಲಿ ಅಪ್ಪಟ ಕನ್ನಡದಲ್ಲಿ ಬೈದುಬಿಟ್ಟೆ. ತಪ್ಪಾ?
— ಹೆಸರು ಬೇಡ, ಬನಶಂಕರಿ

ಕೋಪ ಬಂದಿದ್ದು ಸರಿ, ಬೈದಿದ್ದು ದಂಡ. ಅವನೇನಾದ್ರೂ ಎದುರು ಪಕ್ಷದವನಾಗಿದ್ರೆ ನಿಮ್ಮ ಬೈಗುಳ ಅವನಿಗೆ ತಲುಪೇ ಇಲ್ಲ, ಅಲೈಯನ್ಸ್‌ನೋರು ಹೇಳಿದ್ದು ಹೋರ್ಡ್‌ನೋರಿಗೆ ಗೇಮೇ ಅರ್ಥ ಆಗದ ಹಾಗೆ ಕಲಸಿ ತೋರಿಸುತ್ತೆ.

ಹಬ್ಬದ ಹಿಂದಿನ ರಾತ್ರಿ ಮೆಜೆಸ್ಟಿಕ್‌ಗೆ ಹೋಗಿದ್ದೀರಲ್ಲ? ಬಸ್ ಇನ್ನೂ ನಿಂತಿರಲ್ಲ, ಕಿಟಕಿಯಿಂದ ಟವೆಲ್ ಒಳಗೆ ಬಿದ್ದಿರುತ್ತೆ. ಆ ಟವೆಲ್‌ಗೆ ಯಾವ ರೂಲ್ಸೂ ಇಲ್ಲ, ಕಂಡಕ್ಟರನ್ನ ಕೇಳಿದ್ರೆ ನಂಗೇನು ಗೊತ್ತು ಅಂತಾನೆ, ಆದ್ರೂ ಟವೆಲ್ ಪಕ್ಕಕ್ಕಿಟ್ಟು ಕೂತವನನ್ನ ಇಡೀ ಬಸ್ಸು ದಾವಣಗೆರೆ ವರೆಗೂ ಗುರಾಯಿಸುತ್ತೆ. ಗಣಿ ಕಾಯೋ ಮಾಬ್‌ಗೆ ನೀವು ಹೊಡೆದ ಮೊದಲ ಏಟೇ ಟವೆಲ್. ಗೇಮ್ ಪ್ರಕಾರ ಆ ಗಣಿ ಯಾರು ಮೊದಲು ಅಗೀತಾರೋ ಅವರದ್ದು, ಕಂಪ್ಲೇಂಟ್ ಕೊಟ್ರೂ ಏನೂ ಆಗಲ್ಲ. ಆದ್ರೆ ಆಡೋ ಜನರ ನಡುವೆ ಅದು ಕಳ್ಳತನಾನೇ, ನಿಂಜಾ ಅಂತ ಹೆಸರೇ ಇದೆ.

ಇಬ್ಬರೂ ಒಟ್ಟಿಗೆ ಬಂದ್ರೆ ಕ್ಲಾಸಿಕಲ್ಲಿ ಒಂದು ಒಳ್ಳೆ ಪದ್ಧತಿ ಇದೆ. ಅಲ್ಲಿ ಒಂದು ಗಣಿ ಒಂದೇ ಸಲಕ್ಕೆ ಖಾಲಿ ಆಗಲ್ಲ, ಕೆಲವು ಸಲ ಅಗೀಬೇಕು, ಹಾಗಾಗಿ ನೀನೊಂದು ನಾನೊಂದು ಅಂತ ಸರದಿ ಮೇಲೆ ಅಗೆಯೋದು. ಮಾತೂ ಬೇಕಿಲ್ಲ, ಒಂದು ಸಲ ಅಗೆದು ಹಿಂದೆ ಸರಿದು ನಿಂತ್ರೆ ಮರ್ಯಾದಸ್ಥನಿಗೆ ಅರ್ಥ ಆಗುತ್ತೆ. ಈ ತಲೆನೋವೇ ಬೇಡ ಅಂತಾನೇ 2016ರ ಲೀಜನ್ ಅನ್ನೋ ದೊಡ್ಡ ಅಪ್‌ಡೇಟ್‌ನಿಂದ ಮೇನ್ ಗೇಮಲ್ಲಿ ಒಂದೇ ಗಣೀನ ಹಲವರು ಅಗೆಯೋ ಹಾಗೆ ಮಾಡಿದ್ರು, ಅಲ್ಲಿ ಈಗ ಪಕ್ಕದಲ್ಲಿ ಯಾರಾದ್ರೂ ಇದ್ರೆ ಹಾಯ್ ಹೇಳಬಹುದು. ಕ್ಲಾಸಿಕ್‌ನೋರಿಗೆ ಆ ಭಾಗ್ಯ ಇಲ್ಲ. ಅದ್ರಲ್ಲೂ ಬ್ಲ್ಯಾಕ್ ಲೋಟಸ್ ಅನ್ನೋ ಅಪರೂಪದ ಸೊಪ್ಪಿನ ವಿಷಯದಲ್ಲಿ ಮಾತ್ರ ಯಾರಿಂದಲೂ ಏನೂ ನಿರೀಕ್ಷೆ ಮಾಡಬೇಡಿ. ಹರ್ಬಲಿಸಂ (ಸೊಪ್ಪು ಕೀಳೋ ವಿದ್ಯೆ) 300 ಬೇಕು, ಬೆಳೆಯೋದೇ ಸಿಲಿಥಸ್, ವಿಂಟರ್‌ಸ್ಪ್ರಿಂಗ್‌ನಂಥ ನಾಲ್ಕೇ ಜಾಗದಲ್ಲಿ, ಫ್ಲಾಸ್ಕ್ (ಶಕ್ತಿ ಹೆಚ್ಚಿಸೋ ಔಷಧಿ) ಮಾಡೋರಿಗೆ ಅದಿಲ್ದೆ ಆಗಲ್ಲ. ಅದರ ಮುಂದೆ ಅಣ್ಣ ತಮ್ಮಾನೂ ಇಲ್ಲ.

ಓಲ್ಡ್ ಸ್ಕೂಲ್ ರೂನ್‌ಸ್ಕೇಪಲ್ಲಿ ಬೇರೆಯವರು ಕಡೀತಿರೋ ಮರಕ್ಕೆ ನಾನೂ ಕೊಡಲಿ ಹಾಕಬಹುದಾ?
— ಓದುಗ, ಯಲಹಂಕ

ಮರಕ್ಕೆ ಹಾಕಿ, ಧಾರಾಳವಾಗಿ. 2023ರಲ್ಲಿ ಫಾರೆಸ್ಟ್ರಿ ಅಪ್‌ಡೇಟ್ ಬಂದಮೇಲೆ ಒಂದೇ ಮರಕ್ಕೆ ಹೆಚ್ಚು ಜನ ಇದ್ರೆ ಎಲ್ಲರಿಗೂ ಲಾಭ, ಕರೆದು ನಿಲ್ಲಿಸ್ಕೊಳ್ತಾರೆ. ಕಲ್ಲು ಅಗೆಯೋ ಹತ್ರ ಮಾತ್ರ ಬೇಡ, ಅಲ್ಲಿ ಅದಿರು ಒಬ್ಬನಿಗೆ ಸಿಕ್ಕಿದ ತಕ್ಷಣ ಕಲ್ಲು ಖಾಲಿ, ಆಮೇಲೆ ಬಂದೋನನ್ನ ಕ್ರ್ಯಾಶರ್ (ಬೇರೆಯವರ ಜಾಗಕ್ಕೆ ನುಗ್ಗೋನು) ಅಂತಾರೆ. ಬೇರೆ ವರ್ಲ್ಡ್‌ಗೆ (ಅದೇ ಆಟದ ಇನ್ನೊಂದು ಸರ್ವರ್) ಹಾಪ್ ಆಗೋಕೆ ಒಂದು ಕ್ಲಿಕ್ ಸಾಕು, ಸಿಲ್ಕ್ ಬೋರ್ಡ್ ದಾಟಿದಷ್ಟು ಕಷ್ಟ ಏನಿಲ್ಲ.

ಈವ್ ಆನ್‌ಲೈನ್ ಅನ್ನೋ ಬಾಹ್ಯಾಕಾಶದ ಗೇಮಲ್ಲಿ ಅದಿರನ್ನ ಕ್ಯಾನಲ್ಲಿ (ಹೊರಗೆ ತೇಲೋ ಡಬ್ಬಿ) ಹಾಕಿ ಬಿಟ್ಟಿದ್ದೆ, ಇನ್ನೊಬ್ಬ ಬಂದು ಎತ್ತಿಕೊಂಡ. ಅವನು ಹಳದಿಯಾಗಿ ಕಾಣ್ತಿದ್ದ, ಹೊಡೆಯೋಕೆ ಹೋದ್ರೆ ನನ್ನ ಶಿಪ್ಪೇ ಪುಡಿ. ಪೊಲೀಸ್ ಶಿಪ್ಪುಗಳು ಬರಲೇ ಇಲ್ಲ. ಇದು ನ್ಯಾಯಾನಾ?
— ಈವ್ ಹೊಸಬ, ಮಲ್ಲೇಶ್ವರಂ

ನೀವು ದೇವಸ್ಥಾನದ ಮುಂದೆ ಹೊಸ ಚಪ್ಪಲಿ ಬಿಟ್ಟು ಒಳಗೆ ಹೋಗಿದ್ದೀರಿ ಸ್ವಾಮಿ. ಕ್ಯಾನ್ ಬಿಡೋದು ಯಾಕೆ ಅಂದ್ರೆ ಅದ್ರಲ್ಲಿ 27,500 ಘನ ಮೀಟರ್ ಹಿಡಿಯುತ್ತೆ, ಹೊಸಬರ ವೆಂಚರ್ ಶಿಪ್ಪಿನ ಅದಿರು ಗೂಡಲ್ಲಿ 5,000 ಅಷ್ಟೇ, ಹಾಗಾಗಿ ಆಸೆ ಆಗೋದು ಸಹಜ. ಆದ್ರೆ ಅದಕ್ಕೆ ಬೀಗ ಇಲ್ಲ. ಎತ್ತಿದವನು ಸಸ್ಪೆಕ್ಟ್ ಆಗ್ತಾನೆ, ಅವನನ್ನ ಯಾರು ಬೇಕಾದ್ರೂ ಹೊಡೀಬಹುದು, ಆದ್ರೆ ನೀವು ಹೊಡೆದ ಕ್ಷಣ ಅವನಿಗೂ ನಿಮಗೆ ತಿರುಗಿ ಹೊಡೆಯೋ ಹಕ್ಕು ಬರುತ್ತೆ, ಕಾಂಕಾರ್ಡ್ ಅನ್ನೋ ಆ ಪೊಲೀಸ್ ಮಧ್ಯೆ ಬರಲ್ಲ. ಅವನು ಕದ್ದಿದ್ದು ನಿಮ್ಮ ಅದಿರಿಗೋಸ್ಕರ ಅಲ್ಲ, ನೀವು ಹೊಡೀಲಿ ಅಂತಾನೇ. ಅಲ್ಲಿ ಇದು ಅಸಭ್ಯ ಅಲ್ಲ, ಅದೂ ಒಂದು ಕಸುಬು. ಸಾಗಿಸೋಕೆ ಜೊತೆಗೊಬ್ಬ ಇಲ್ದೆ ಅಗೆದಿದ್ದನ್ನ ಕ್ಯಾನಲ್ಲಿ ಹಾಕೋಕೆ ಹೋಗಬೇಡಿ.

ನಾನು ಆಲ್ಬಿಯನ್ ಆನ್‌ಲೈನಲ್ಲಿ ದಿನಾ ಎರಡು ಗಂಟೆ ಟಿಯರ್ 4 (ನಾಲ್ಕನೇ ದರ್ಜೆ) ಮರ ಕಡಿದು ಊರಿಗೆ ಬಂದ ತಕ್ಷಣ ಮಾರ್ತೀನಿ. ಅಷ್ಟೇ ಹೊತ್ತು ಆಡೋ ನನ್ನ ರೂಮ್‌ಮೇಟ್ ಹತ್ರ ಮೂರು ಪಟ್ಟು ಸಿಲ್ವರ್ (ಗೇಮಿನ ದುಡ್ಡು) ಇದೆ. ಅವನು ಗುಟ್ಟು ಹೇಳಲ್ಲ.
— ಪಿಜಿ ವಾಸಿ, ಬಿಟಿಎಂ ಲೇಔಟ್

ಗುಟ್ಟು ಏನೂ ಇಲ್ಲ ಮಗಾ, ನೀನು "ಬಂದ ತಕ್ಷಣ ಮಾರ್ತೀನಿ" ಅಂದ್ಯಲ್ಲ, ಅಲ್ಲೇ ಸಿಕ್ಕಿಬಿದ್ದೆ.

ಲೆಕ್ಕಕ್ಕೋಸ್ಕರ ಸುಮ್ನೆ ಒಂದು ರೇಟ್ ಇಟ್ಕೊಳ್ಳೋಣ. ನಿನ್ನ ಹತ್ರ 1,000 ಮರ ಇದೆ, ಬೈ ಆರ್ಡರ್ (ಇಷ್ಟಕ್ಕೆ ಕೊಳ್ತೀನಿ ಅನ್ನೋ ಚೀಟಿ) ಹಾಕಿದೋನು ಒಂದಕ್ಕೆ 100 ಕೊಡ್ತಾನೆ, ಸೆಲ್ ಆರ್ಡರ್ (ಇಷ್ಟಕ್ಕೆ ಮಾರ್ತೀನಿ ಅನ್ನೋ ಚೀಟಿ) 120ಕ್ಕೆ ಹೋಗ್ತಿದೆ. ಪ್ರೀಮಿಯಂ (ಹೆಚ್ಚಿನ ಸೌಲಭ್ಯದ ಚಂದಾ) ಇಲ್ದೆ ತಕ್ಷಣ ಮಾರಿದ್ರೆ 1 ಲಕ್ಷದಲ್ಲಿ 8 ಪರ್ಸೆಂಟ್ ಟ್ಯಾಕ್ಸ್ ಹೋಗಿ ಕೈಗೆ 92,000. ನಿನ್ನ ರೂಮ್‌ಮೇಟ್ ಪ್ರೀಮಿಯಂ ಇಟ್ಕೊಂಡು ಸೆಲ್ ಆರ್ಡರ್ ಹಾಕಿ ಮಲಗ್ತಾನೆ, ಅವನಿಗೆ ಟ್ಯಾಕ್ಸ್ 4, ಆರ್ಡರ್ ಹಾಕೋ ಫೀಸು ಎರಡೂವರೆ, ಎಲ್ಲ ಕಳೆದು 1,12,200. ಅದೇ ಮರ, ಅದೇ ಕೊಡಲಿ, 20 ಸಾವಿರ ವ್ಯತ್ಯಾಸ, ಅದೂ ನಿದ್ದೆ ಮಾಡ್ತಾ.

ಇನ್ನು ಮೂರು ಪಟ್ಟು ಹೇಗೆ ಅಂದ್ರೆ, ಅವನು ಮರ ಮಾರ್ತಾನೇ ಇರಲ್ಲ, ಹಲಗೆ ಮಾರ್ತಿರ್ತಾನೆ. ಪ್ರೀಮಿಯಂ ಇದ್ರೆ ದಿನಕ್ಕೆ 10,000 ಫೋಕಸ್ ಅನ್ನೋ ಪಾಯಿಂಟ್ ಸಿಗುತ್ತೆ, ಅದನ್ನ ರಿಫೈನಿಂಗ್‌ಗೆ (ಮರಾನ ಹಲಗೆ ಮಾಡೋಕೆ) ಬಳಸಿದ್ರೆ ಹಾಕಿದ ಮಾಲಲ್ಲಿ ಒಂದಷ್ಟು ವಾಪಸ್ ಬರುತ್ತೆ. ಯಾವ ಊರಲ್ಲಿ ಮಾಡ್ತೀಯ ಅನ್ನೋದೂ ಮುಖ್ಯ: ಮರಕ್ಕೆ ಫೋರ್ಟ್ ಸ್ಟರ್ಲಿಂಗ್, ಅದಿರಿಗೆ ಥೆಟ್‌ಫೋರ್ಡ್, ಚರ್ಮಕ್ಕೆ ಮಾರ್ಟ್‌ಲಾಕ್, ಅಲ್ಲಲ್ಲಿ ಅದಕ್ಕದಕ್ಕೇ ಬೋನಸ್ಸು. ಮದ್ದೂರಲ್ಲಿ ಎಳನೀರು ಕೊಯ್ದೋನಿಗಿಂತ ಜಯನಗರದಲ್ಲಿ ಕೊಚ್ಚಿ ಕೊಡೋನಿಗೆ ಜಾಸ್ತಿ ಉಳಿಯುತ್ತಲ್ಲ, ಹಾಗೆ.

ಯಾವ ದಿನ ಮಾರ್ತೀಯ ಅನ್ನೋದೂ ನೋಡ್ಕೋಬೇಕು. ವರಮಹಾಲಕ್ಷ್ಮಿ ಹಬ್ಬದ ಮುಂಚೆ ಕೆ.ಆರ್. ಮಾರ್ಕೆಟಲ್ಲಿ ಮಲ್ಲಿಗೆ ರೇಟ್ ಕೇಳಿ ನಮ್ಮಮ್ಮ ಮೊಗ್ಗನ್ನ ಎಣಿಸಿ ತಗೋತಾರೆ, ಹಬ್ಬದ ಮಾರನೇ ದಿನ ಅದೇ ಹೂವು ಫುಟ್‌ಪಾತಲ್ಲಿ ರಾಶಿ. ವಾರ್‌ಕ್ರಾಫ್ಟಲ್ಲಿ ಹಬ್ಬ ವಾರವಾರ ಬರುತ್ತೆ, ಅಮೆರಿಕದ ಸರ್ವರಲ್ಲಿ ಮಂಗಳವಾರ, ಯೂರೋಪಲ್ಲಿ ಬುಧವಾರ ರೀಸೆಟ್ (ರೇಡ್ ಹೊಸದಾಗಿ ಶುರು ಆಗೋ ದಿನ), ರೇಡ್‌ಗೆ (ಗುಂಪಾಗಿ ದೊಡ್ಡ ಶತ್ರು ಹೊಡೆಯೋಕೆ) ಹೋಗೋರು ಆಗ ಔಷಧಿ ಬುಡ್ಡಿ ತುಂಬಿಸ್ಕೊಳ್ತಾರೆ, ಸೊಪ್ಪು ಮಾರೋಕೆ ಅದೇ ಹೊತ್ತು. ಭಾನುವಾರ ಎಲ್ಲರೂ ಕಿತ್ತು ತಂದು ಸುರೀತಾರೆ, ಅವತ್ತು ಮಾರಬೇಡ, ಬೇಕಿದ್ರೆ ಕೊಂಡುಕೋ.

ಆಮೇಲೆ ದುರಾಸೆಗೆ ಬಿದ್ದು ನೆಟ್ಟಗೆ ಆಲ್ಬಿಯನ್ನಿನ ಬ್ಲ್ಯಾಕ್ ಜೋನ್‌ಗೆ ನುಗ್ಗಬೇಡ. ಕೆಂಪು, ಕಪ್ಪು ಜೋನಲ್ಲಿ ಸತ್ರೆ ಮೈಮೇಲಿರೋದು, ಚೀಲದಲ್ಲಿರೋದು ಎಲ್ಲ ಹೋಯ್ತು. ಹೋದ ಮಳೆಗಾಲ ರಾತ್ರಿ ಹನ್ನೊಂದೂವರೆ, ಎತ್ತಿನ ಮೇಲೆ ಮೂರು ಗಂಟೆ ಅಗೆದ ಮಾಲು ತುಂಬಿಸ್ಕೊಂಡು ಕೆಂಪು ಜೋನ್ ದಾಟ್ತಿದ್ದೆ, ಗೇಟ್ ಕಣ್ಣಿಗೆ ಕಾಣ್ತಿತ್ತು, ಹೊರಗೆ ಟಪ್ ಅಂತ ಶಬ್ದ, ಇಡೀ ಬೀದಿ ಕತ್ತಲು. ಲ್ಯಾಪ್‌ಟಾಪ್ ಉರೀತಿದೆ, ರೂಟರ್ ಸತ್ತಿದೆ. ಮೊಬೈಲ್ ಹಾಟ್‌ಸ್ಪಾಟ್ ಹಾಕಿ ವಾಪಸ್ ಬರೋ ಹೊತ್ತಿಗೆ ಊರ ಚೌಕದಲ್ಲಿ ಬರಿಗೈಲಿ ನಿಂತಿದ್ದೆ. ಮಾರನೇ ದಿನ ಮೊದಲ ಕೆಲಸ ಎಸ್‌.ಪಿ. ರೋಡಿಗೆ ಹೋಗಿ ರೂಟರ್‌ಗೊಂದು ಸಣ್ಣ ಯುಪಿಎಸ್ ತಂದೆ. ಗ್ಯಾದರಿಂಗ್ ಮಾಡೋನಿಗೆ ಒಳ್ಳೆ ಕೊಡಲಿಗಿಂತ ಅದೇ ಮುಖ್ಯ, ನಗಬೇಡ.

ನಮಸ್ಕಾರ. ಮಗ ಸೆಕೆಂಡ್ ಪಿಯುಸಿ. ಕಂಪ್ಯೂಟರಲ್ಲಿ ಮರ ಕಡಿದು ಸಂಪಾದನೆ ಮಾಡ್ತಿದ್ದೀನಿ ಅಂತಾನೆ, ಈಗ ಬಾಂಡ್ ತಗೋಬೇಕು ದುಡ್ಡು ಕೊಡಮ್ಮ ಅಂತಿದ್ದಾನೆ. ಬಾಂಡ್ ಅಂದ್ರೆ ಪೋಸ್ಟಾಫೀಸಿನದ್ದಾ? ಇದು ಜೂಜೇನಾದ್ರೂನಾ?
— ಒಬ್ಬ ತಾಯಿ, ವಿಜಯನಗರ

ನಮಸ್ಕಾರ ಅಮ್ಮ. ಪೋಸ್ಟಾಫೀಸಿಗೂ ಅದಕ್ಕೂ ಸಂಬಂಧ ಇಲ್ಲ. ರೂನ್‌ಸ್ಕೇಪ್ ಅಂತ ಒಂದು ಆಟ, ಅದ್ರಲ್ಲಿ ಬಾಂಡ್ ಅಂದ್ರೆ 14 ದಿನದ ಮೆಂಬರ್‌ಶಿಪ್ ಚೀಟಿ. ಅದನ್ನ ನಿಜವಾದ ದುಡ್ಡು ಕೊಟ್ಟು ಕಂಪನಿ ಹತ್ರ ತಗೋಬಹುದು, ಇಲ್ಲಾ ಆಟದೊಳಗಿನ ನಾಣ್ಯ ಕೊಟ್ಟು ಇನ್ನೊಬ್ಬ ಆಟಗಾರನ ಹತ್ರ ತಗೋಬಹುದು. ವಾರ್‌ಕ್ರಾಫ್ಟಲ್ಲೂ 2015ರಿಂದ ಇಂಥದ್ದೇ ಟೋಕನ್ ಇದೆ, ಅದು 30 ದಿನದ್ದು. ಈಗ ನೀವು ಮಗನನ್ನ ಒಂದೇ ಪ್ರಶ್ನೆ ಕೇಳಿ: ಅಷ್ಟು ಸಂಪಾದನೆ ಮಾಡ್ತಿದ್ರೆ ಬಾಂಡನ್ನ ಆ ನಾಣ್ಯದಲ್ಲೇ ತಗೋಬಹುದಲ್ಲ ಕಂದ, ನನ್ನ ಹತ್ರ ಯಾಕೆ? ಮುಖ ನೋಡಿ, ಉತ್ತರ ಅಲ್ಲೇ ಸಿಗುತ್ತೆ.

ಜೂಜು ಅಲ್ಲ. 2025ರ ಆಗಸ್ಟಲ್ಲಿ ಪಾರ್ಲಿಮೆಂಟ್ ತಂದ ಕಾಯ್ದೆ ನಿಷೇಧಿಸಿರೋದು ದುಡ್ಡು ಕಟ್ಟಿ ದುಡ್ಡು ಗೆಲ್ಲೋ ಆಟಗಳನ್ನ, ಪಣ ಇಲ್ದೆ ಬರೀ ಚಂದಾ ಕಟ್ಟಿ ಆಡೋದು ಬೇರೆ. ಆದ್ರೆ ಅವನು ಹೇಳೋ "ಸಂಪಾದನೆ" ನಿಮ್ಮ ಅಕೌಂಟಿಗೆ ಬರೋದಲ್ಲ, ತುಂಬಾ ಚೆನ್ನಾಗಿ ಆಡಿದ್ರೆ ಚಂದಾ ಉಳಿಯುತ್ತೆ, ಅಷ್ಟೇ. ನನ್ನ ಮಾತು ಕೇಳ್ತೀರಾದ್ರೆ, ಪೂರ್ತಿ ನಿಲ್ಲಿಸಬೇಡಿ, ನಾಣ್ಯದಲ್ಲೇ ಬಾಂಡ್ ತಗೊಂಡ್ರೆ ಆಡು, ಇಲ್ಲಾಂದ್ರೆ ಪರೀಕ್ಷೆ ಮುಗಿಯೋ ತನಕ ಬೇಡ ಅನ್ನಿ. ಯುಪಿಐ ಪಿನ್ ಮಾತ್ರ ಹೇಳಬೇಡಿ.

ನಮ್ಮ ಪಿಜಿಯಲ್ಲಿ ಒಬ್ಬ ಗೇಮ್ ಗೋಲ್ಡನ್ನ ರೂಪಾಯಿಗೆ ಮಾರ್ತಾನೆ, ನನ್ನನ್ನೂ ಸೇರು ಅಂತಿದ್ದಾನೆ. ಕೆಲಸ ಸಿಗೋ ತನಕ ಮಾಡ್ಲಾ?
— ಬಿಇ ಮುಗಿದವ, ಮಾರತ್ತಹಳ್ಳಿ

ಬೇಡ. ದೊಡ್ಡ ಗೇಮುಗಳ ನಿಯಮದಲ್ಲಿ ಗೋಲ್ಡ್ ನಿಮ್ಮದೇ ಅಲ್ಲ, ಕಂಪನೀದು, ಹೊರಗೆ ಮಾರಿದ್ದು ಗೊತ್ತಾದ್ರೆ ಅಕೌಂಟ್ ಬ್ಯಾನ್, ವರ್ಷಗಟ್ಟಲೆ ಕೂಡಿಟ್ಟಿದ್ದು ಬೆಳಿಗ್ಗೆ ಎದ್ದಾಗ ಇರಲ್ಲ. ನಾನೂ ಒಂದು ಸಲ ಮಾರೋಕೆ ಹೋಗಿದ್ದೆ, ಒಪ್ಕೊಳ್ತೀನಿ. ಕೊಳ್ಳೋನು ಪೇಮೆಂಟ್ ಸಕ್ಸಸ್ ಅಂತ ಸ್ಕ್ರೀನ್‌ಶಾಟ್ ಕಳಿಸಿದ, ಹಸಿರು ಟಿಕ್ಕು, ಟೈಮು ಎಲ್ಲ ಪಕ್ಕಾ, ನಾನು ಗೋಲ್ಡ್ ಕೊಟ್ಟೆ, ದುಡ್ಡು ಇವತ್ತಿಗೂ ಬರ್ತಾ ಇದೆ. ಕದ್ದು ಮಾಡೋ ವ್ಯಾಪಾರದಲ್ಲಿ ಮೋಸ ಆದ್ರೆ ಯಾರ ಹತ್ರ ಅಳೋದು? ಇನ್ನೊಂದು ಜಾತಿ ಕಳ್ಳರು ಕ್ಯೂಆರ್ ಕಳಿಸಿ "ದುಡ್ಡು ಬರೋಕೆ ಪಿನ್ ಹಾಕಿ" ಅಂತಾರೆ, ದುಡ್ಡು ಬರೋಕೆ ಯಾವತ್ತೂ ಪಿನ್ ಬೇಕಿಲ್ಲ.

ಇದನ್ನೇ ನಂಬಿ ಬದುಕಿದ ಜನ ಇದ್ದಾರೆ. ವೆನೆಜುವೆಲಾದಲ್ಲಿ ನೋಟಿಗೆ ಬೆಲೆನೇ ಇಲ್ದೆ ಹೋದಾಗ ಅಲ್ಲಿನವರು ರೂನ್‌ಸ್ಕೇಪಲ್ಲಿ ಹಗಲು ರಾತ್ರಿ ಹಸಿರು ಡ್ರ್ಯಾಗನ್ ಹೊಡೆದು ಗೋಲ್ಡ್ ಮಾರಿ ಊಟ ಮಾಡಿದ್ರು. ಅದು ಬೇರೆ ದಾರಿ ಇಲ್ದೆ ಮಾಡಿದ್ದು. ನಿಮಗೆ ಡಿಗ್ರಿ ಇದೆ, ಹೊಟ್ಟೆಪಾಡಿಗೆ ಇದೇ ಆಗಬೇಕು ಅಂತಿಲ್ಲ, ಬೆಂಗಳೂರಲ್ಲಿ ಗಂಟೆಗೆ ಬೈಟೂ ಕಾಫಿ ದುಡ್ಡಿಗೆ ಕಣ್ಣು ಹಾಳು ಮಾಡ್ಕೋಬೇಡಿ.

ಕ್ಲಿಕ್ ತಾನೇ ಮಾಡೋ ಆಟೋ ಕ್ಲಿಕ್ಕರ್? — ರಾಜಾಜಿನಗರ

ಬ್ಯಾನ್.

ನಮ್ಮ ವಾರ್‌ಕ್ರಾಫ್ಟ್ ಗಿಲ್ಡ್ (ಒಟ್ಟಿಗೆ ಆಡೋರ ಸಂಘ) ಲೀಡರ್ ಎಲ್ಲರೂ ಕಿತ್ತ ಸೊಪ್ಪು ಗಿಲ್ಡ್ ಬ್ಯಾಂಕಿಗೆ ಹಾಕಲೇಬೇಕು ಅಂತಾನೆ. ನಾನು ಮಾರಿಕೊಂಡ್ರೆ ಸ್ವಾರ್ಥಿನಾ?
— ಸೊಪ್ಪಿನವಳು, ಬಸವನಗುಡಿ

ಇಲ್ಲಮ್ಮ. ಬೀದಿ ಗಣೇಶನ ಚಂದಾ ಥರ ಇದು, ಕೊಡೋದ್ರಲ್ಲಿ ತಪ್ಪಿಲ್ಲ, ಪೆಂಡಾಲ್ ಎಷ್ಟು ಆರ್ಕೆಸ್ಟ್ರಾ ಎಷ್ಟು ಅಂತ ಕೇಳೋ ಹಕ್ಕೂ ಕೊಟ್ಟೋರಿಗಿದೆ. ನೀವು ಹಾಕಿದ ಸೊಪ್ಪು ಫ್ಲಾಸ್ಕ್ ಆಗಿ ರೇಡ್ ದಿನ ನಿಮ್ಮ ಕೈಗೂ ಬರ್ತಿದ್ರೆ ವಾರಕ್ಕಿಷ್ಟು ಅಂತ ಮಾತಾಡ್ಕೊಂಡು ಹಾಕಿ, ಉಳಿದಿದ್ದು ನಿಮ್ಮದು. ಗಿಲ್ಡ್ ಬ್ಯಾಂಕಲ್ಲಿ ಯಾರು ಹಾಕಿದ್ರು ಯಾರು ತೆಗೆದ್ರು ಅಂತ ಲಾಗ್ ಇರುತ್ತೆ, ಒಂದು ಸಲ ತೆಗೆದು ನೋಡಿ. ಲೀಡರ್ ತಂಗಿ ಅಕೌಂಟ್ ಹೆಸರೇ ಹತ್ತು ಸಲ ಬಂದಿದ್ರೆ ನಂಗೆ ಬರೀರಿ, ಮುಂದಿನ ತಿಂಗಳು ಆ ಪುರಾಣ ಇಲ್ಲೇ ಹಾಕೋಣ.